ಪೊರಕೆ ಕೋಣೆಗೆ ಬಹುಮತ

ತಿಂಡಿಯ ಬಿಡುವಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳನ್ನು ಶಾಲೆಯವರು ಪೊರಕೆ ಇಡುವ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿದರು. ಸೋಮವಾರ ಕೂರಿಸಿದರು. ಮಂಗಳವಾರ ಕೂರಿಸಿದರು. ಬುಧವಾರ ಯಾರೂ ಕರೆದೊಯ್ಯಬೇಕಾಗಲಿಲ್ಲ, ಅವಳೇ ಎದ್ದು ಹೋದಳು.

ಮನೆಯವರಿಗೆ ವಿಷಯ ತಿಳಿದದ್ದು ಚೀಸಿನಿಂದ. ಬುಧವಾರ ಸಂಜೆ ಅಮ್ಮ ಹೊಲಿಗೆ ಕಾರ್ಖಾನೆಯಿಂದ ಬಂದು, ಕೈಕಾಲು ತೊಳೆದು, ಮಗಳ ತಿಂಡಿ ಡಬ್ಬಿ ತೆರೆದರೆ ಚೀಸಿನ ತುಂಡುಗಳು ಇಟ್ಟ ಹಾಗೇ ಇದ್ದವು. ಹಾಳಾಗಿದೆಯೇನೋ ಎಂದು ಒಂದನ್ನು ಬಾಯಿಗೆ ಹಾಕಿಕೊಂಡವಳು ಸಿಂಕಿನ ಕಡೆ ಓಡಿದಳು.

"ಇದೇನೇ ಇದು, ಫಿನಾಯಿಲ್ ವಾಸನೆ!"

"ಅದು ನನ್ನ ಆಫೀಸಿನ ವಾಸನೆ," ಎಂದಳು ಮಗಳು, ಸೋಫಾದಿಂದ ಮೋಡಕ್ಕೆ, ಮೋಡದಿಂದ ಸೋಫಾಕ್ಕೆ ಹಾರುತ್ತ. ಮೋಡ ಎಂದರೆ ನೆಲದ ಮೇಲೆ ಬಿದ್ದಿದ್ದ ದಿಂಬು.

"ನಿನಗೆಲ್ಲಿಂದ ಬಂತೇ ಆಫೀಸು?"

"ಪೊರಕೆ ರೂಮು. ತಿಂಡಿ ಟೈಮಲ್ಲಿ ನಾನು ಅಲ್ಲೇ ಕೂತ್ಕೊಳ್ಳೋದು. ಉದ್ದ ಪೊರಕೆ ಇದೆಯಲ್ಲ, ಅದು ಮ್ಯಾನೇಜರು. ಮೂಲೆಲಿರೋ ಮೊಂಡು ಪೊರಕೆ ಅದರ ಗಂಡ. ಪಾಪ, ಅವನ ಕೂದಲೆಲ್ಲ ಉದುರಿ ಹೋಗಿದೆ. ಬಕೆಟ್ಟಿಗೆ ಮಾತ್ರ ನನ್ನ ಕಂಡ್ರೆ ಆಗಲ್ಲ."

ಅಮ್ಮ ಡಬ್ಬಿಯನ್ನು ಕೆಳಗಿಟ್ಟಳು. "ಯಾರು ಹೇಳಿದ್ರು ಅಲ್ಲಿ ಕೂರೋಕೆ?"

"ಟೀಚರು. ನನಗೆ ಆಸೆ ಆಗಬಾರದಂತೆ. ಎಲ್ರೂ ಬಿಸ್ಕತ್ತು ತಿಂತಾರಲ್ಲ, ಅದನ್ನ ನೋಡಿದ್ರೆ ನನಗೆ ಆಸೆ ಆಗತ್ತಂತೆ. ಅಮ್ಮಾ, ಪೊರಕೆ ನೋಡಿದ್ರೆ ಆಸೆ ಆಗಲ್ಲ. ಅದು ನಿಜ."

ಮನೆಯಲ್ಲೂ ಬೀದಿಯಲ್ಲೂ ಶಾಲೆಯಲ್ಲೂ ಇವಳನ್ನು ಕರೆಯುವುದು ಮಿಡತೆ ಎಂದು. ನಡೆದು ಗೊತ್ತಿಲ್ಲದ, ಹಾರಿಯೇ ಗೊತ್ತಿರುವ ಮಗು. ಹೋದ ವರ್ಷ ಈ ಮಿಡತೆ ಒಮ್ಮೆಲೇ ಹಾರುವುದನ್ನು ನಿಲ್ಲಿಸಿತ್ತು. ಕುಡಿದಷ್ಟೂ ನೀರು ಬೇಕು ಎನ್ನುತ್ತಿದ್ದಳು, ಮತ್ತೆ ಮತ್ತೆ ಬಚ್ಚಲಿಗೆ ಓಡುತ್ತಿದ್ದಳು, ನೋಡನೋಡುತ್ತ ಕಡ್ಡಿಯಾದಳು. ಆಸ್ಪತ್ರೆಯಲ್ಲಿ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ಅಮ್ಮ, "ಅದು ವಯಸ್ಸಾದವರಿಗೆ ಬರೋದಲ್ವಾ?" ಎಂದು ಜಗಳಕ್ಕೇ ನಿಂತಿದ್ದಳು. ಡಾಕ್ಟರು ತಾಳ್ಮೆಯಿಂದ ತಿಳಿಹೇಳಿದ್ದರು: ಮಗುವಿನ ಮೈ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿದೆ, ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ಯಾರ ತಪ್ಪೂ ಅಲ್ಲ, ಊಟಕ್ಕೆ ಮುಂಚೆ ಇಂಜೆಕ್ಷನ್ ಕೊಟ್ಟರೆ ಎಲ್ಲ ಮಕ್ಕಳ ಹಾಗೇ ಇರುತ್ತಾಳೆ. ಊಟಗಳ ನಡುವಿನ ತಿಂಡಿಯಲ್ಲಿ ಕಾರ್ಬ್, ಅಂದರೆ ಪಿಷ್ಟ ಮತ್ತು ಸಕ್ಕರೆ, ಕಡಿಮೆ ಇದ್ದರೆ ಆ ಹೊತ್ತಿಗೆ ಇನ್ನೊಂದು ಸೂಜಿ ಚುಚ್ಚುವುದು ತಪ್ಪುತ್ತದೆ. ಅಷ್ಟೇ ವಿಷಯ. ಕೇಕು ವಿಷವಲ್ಲ, ಬನ್ನು ಬಾಂಬಲ್ಲ.

ಆ "ಅಷ್ಟೇ ವಿಷಯ" ಮನೆಗೆ ಬರುವಷ್ಟರಲ್ಲಿ ಒಂದು ಸಮಿತಿಯಾಗಿ ಬೆಳೆಯಿತು. ಅದಕ್ಕೆ ಕಾರಣ ತಾತ.

ತಾತ ಅಪ್ಪನ ಅಪ್ಪ. ಬಾಟಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದುಡಿದದ್ದಕ್ಕಿಂತ ಹೆಚ್ಚಾಗಿ ಸಭೆ ನಡೆಸಿದವರು. ಬಾಟಲಿಗಳ ಗಲಾಟೆಯ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಅವರದು. ಉಪ್ಪು ಕೇಳಿದರೂ ಭಾಷಣದಂತೆ ಕೇಳುತ್ತದೆ. ಯೂನಿಯನ್ನಿನಲ್ಲಿ ಅವರು ಕಾರ್ಯದರ್ಶಿ. ಚಹಾದ ಬಿಡುವು ಎಷ್ಟು ಹೊತ್ತಿರಬೇಕು ಎನ್ನುವುದರಿಂದ ಹಿಡಿದು ಮುಷ್ಕರ ಹೂಡಬೇಕೇ ಬೇಡವೇ ಎನ್ನುವವರೆಗೆ ಎಲ್ಲವೂ ಕೈ ಎತ್ತಿಯೇ ತೀರ್ಮಾನ. ನಿವೃತ್ತಿಯಾದ ಮೇಲೆ ಅವರಿಗೆ ಉಳಿದ ಕಾರ್ಖಾನೆ ಮನೆಯೊಂದೇ. ಫ್ಯಾನು ಕೊಳ್ಳಲು ಸಭೆ, ಪರದೆಯ ಬಣ್ಣಕ್ಕೆ ಸಭೆ, ಬೆಕ್ಕು ಮಂಚದ ಮೇಲೆ ಮಲಗಬಹುದೇ ಎನ್ನುವುದಕ್ಕೆ ಬೆಕ್ಕಿನ ಸಮ್ಮುಖದಲ್ಲೇ ಸಭೆ.

ಹಾಗಾಗಿ ತಿಂಡಿ ಸಮಿತಿಯೂ ಹುಟ್ಟಿತು. ಭಾನುವಾರ ಸಂಜೆ, ಅಡುಗೆಮನೆಯಲ್ಲಿ. ಮಿಡತೆ ಅಧ್ಯಕ್ಷೆ. ಮಗುಚಿಟ್ಟ ಪಾತ್ರೆಯ ಮೇಲೆ ಸೌಟಿನಿಂದ ಬಡಿದರೆ ಎಲ್ಲರೂ ಬಾಯಿ ಮುಚ್ಚಬೇಕು.

"ಮೊಟ್ಟೆ ಬೇಯಿಸಿ ಹೋಳು ಮಾಡಿ ಕೊಡೋದು ಅಂತ ಸೂಚಿಸ್ತೀನಿ," ಎನ್ನುತ್ತಿದ್ದಳು ಅಮ್ಮ.

"ಕಾಳುಮೆಣಸಿನ ಪುಡಿ ಸೇರಿಸಬೇಕು ಅಂತ ತಿದ್ದುಪಡಿ," ಎನ್ನುತ್ತಿದ್ದರು ತಾತ.

"ಮೊಟ್ಟೆ ಪಾಸು. ಮೆಣಸು ಫೇಲು," ಎನ್ನುತ್ತಿದ್ದಳು ಅಧ್ಯಕ್ಷೆ.

ಹುರಿದ ಕುಂಬಳದ ಬೀಜ ಪಾಸು, ಏಕೆಂದರೆ ಕಚ್ಚಿದರೆ ಸದ್ದು ಬರುತ್ತದೆ. ಹಸಿ ಬ್ರೊಕೊಲಿ ಫೇಲು, ಏಕೆಂದರೆ "ನಾನೇನು ಜಿರಾಫೆನಾ, ಮರ ತಿನ್ನೋಕೆ?" ಗಟ್ಟಿ ಮೊಸರಿಗೆ ಬಾದಾಮಿ ಪುಡಿ ಹಾಕಿದ್ದು ಮುಂದಿನ ಸಭೆಗೆ ಮುಂದೂಡಿಕೆ. ತೆಳ್ಳಗೆ ಹರಡಿದ ಆಮ್ಲೆಟ್ಟಿನ ಮೇಲೆ ಚೀಸು ತುರಿದು, ಸುತ್ತಿ, ಕತ್ತರಿಸಿದ ಚಕ್ರಗಳಿಗೆ ಚಪ್ಪಾಳೆ. ಬೇಯಿಸಿದ ಕಡಲೆಕಾಯಿಗೂ ಒಪ್ಪಿಗೆ, ಆದರೆ ಅಳತೆಯಲ್ಲಿ. ಹಿಡಿ ಯಾರದೆಂಬುದರ ಮೇಲೆ ದೊಡ್ಡ ಚರ್ಚೆ ನಡೆದು, ತಾತನ ಹಿಡಿಯಲ್ಲ, ಅಧ್ಯಕ್ಷೆಯ ಹಿಡಿಯೇ ಪ್ರಮಾಣ ಎಂದು ನಿರ್ಣಯವಾಯಿತು.

ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅಪ್ಪನ ತಿಂಡಿ. ಅಪ್ಪ ಕೊಳಾಯಿ ಕೆಲಸದವನು. ಮಾತು ಕಡಿಮೆ, ಸಭೆಯಲ್ಲಿ ಸದಾ ತಟಸ್ಥ. ಒಂದು ದಿನ ಎಳೆ ಸೌತೆಕಾಯಿಯನ್ನು ತುಂಡು ಮಾಡಿ, ಚಮಚದ ಹಿಡಿಯಿಂದ ತಿರುಳು ತೆಗೆದು, ಪೈಪು ಮಾಡಿ, ಒಳಗೆ ಮೆತ್ತನೆಯ ಚೀಸು ತುಂಬಿ, ಎರಡು ಕೊನೆಗೂ ಟೊಮೆಟೊ ಚೂರಿನ ಬಿರಡೆ ಹಾಕಿ ತಂದಿಟ್ಟ. ಮಿಡತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಲುಗಾಡಿಸಿ, ಕಚ್ಚಿದಳು. ಗಲ್ಲದ ಮೇಲೆ ಚೀಸು ಇಳಿಯಿತು.

"ಅಪ್ಪಾ, ಲೀಕು!"

"ವಾಷರ್ ಬದಲಾಯಿಸ್ತೀನಿ," ಎಂದು ಅಪ್ಪ ಗಂಭೀರವಾಗಿ ಒಳಗೆ ಹೋದ. ಆ ತಿಂಡಿಗೆ ಪೈಪ್‌ಲೈನ್ ಎಂದೇ ಹೆಸರಾಯಿತು.

ಸಮಿತಿಯಲ್ಲಿ ಒಮ್ಮೆ ಛೀಮಾರಿ ಹಾಕಿಸಿಕೊಂಡವರು ತಾತ ಒಬ್ಬರೇ. ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ತಂದು, "ನೋಡಿ! ಸಕ್ಕರೆ ಇಲ್ಲ ಅಂತ ಎಷ್ಟು ದೊಡ್ಡಕ್ಷರದಲ್ಲಿ ಬರೆದಿದಾನೆ!" ಎಂದು ಗೆದ್ದವರಂತೆ ಮೇಜಿನ ಮೇಲೆ ಇಟ್ಟಿದ್ದರು. ಅಮ್ಮ ಪೊಟ್ಟಣವನ್ನು ತಿರುಗಿಸಿ ಸಣ್ಣಕ್ಷರ ಓದಿದಳು. "ಮಾವ, ಸಕ್ಕರೆ ಇಲ್ಲ ಸರಿ. ಆದ್ರೆ ಪೂರ್ತಿ ಮೈದಾ. ಮೈದಾನೂ ಹೊಟ್ಟೆಗೆ ಹೋಗಿ ಸಕ್ಕರೆನೇ ಆಗೋದು." ಸೌಟು ಬಡಿಯಿತು. "ಸದಸ್ಯರು ಪೊಟ್ಟಣದ ಬೆನ್ನು ಓದಿ ಬರಬೇಕು!" ಎಂದಳು ಅಧ್ಯಕ್ಷೆ. ಇಡೀ ಪೊಟ್ಟಣವನ್ನು ಒಬ್ಬರೇ ತಿಂದು ಮುಗಿಸುವ ಶಿಕ್ಷೆಯನ್ನು ತಾತ ಅದೇ ಸಂಜೆ ತಾವಾಗಿ ವಿಧಿಸಿಕೊಂಡರು. ಅಷ್ಟೇನೂ ನೊಂದುಕೊಂಡಂತೆ ಕಾಣಲಿಲ್ಲ.

ಇಂಥ ಮನೆಯಿಂದ ಹೋಗುತ್ತಿದ್ದ ಡಬ್ಬಿ ಪೊರಕೆ ಕೋಣೆಯಲ್ಲಿ ತೆರೆದುಕೊಳ್ಳುತ್ತಿತ್ತು.

ಗುರುವಾರ ಬೆಳಿಗ್ಗೆ ಅಮ್ಮ ಒಂದು ಗಂಟೆ ರಜೆ ಕೇಳಿ ಶಾಲೆಗೆ ಹೊರಟಳು. ತಾತನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

"ಮಾವ, ನೀವು ಬಂದು ಭಾಷಣ ಮಾಡಬೇಡಿ. ನಾನು ಎರಡು ಮಾತಲ್ಲಿ ಮುಗಿಸ್ತೀನಿ."

"ನೀನು ಎರಡು ಮಾತಲ್ಲಿ ಮುಗಿಸಿದ್ರೆ ಮೂರನೇದು ಪೊಲೀಸ್ ಸ್ಟೇಷನ್ನಲ್ಲಿ ಆಡಬೇಕಾಗತ್ತೆ. ಇದಕ್ಕೊಂದು ಕ್ರಮ ಇದೆಯಮ್ಮ."

ಟೀಚರು ಕೆಟ್ಟವರಲ್ಲ. ಹೆದರಿದವರು. ಹೆದರಿದವರ ಕೈಗೆ ಬೀಗದಕೈ ಸಿಕ್ಕರೆ ಇಂಥ ಕೋಣೆಗಳು ತಾವಾಗಿಯೇ ಹುಟ್ಟುತ್ತವೆ. ಹಿಂದಿನ ವಾರ ಮಿಡತೆಯ ಪಕ್ಕ ಕೂರುವ ಹುಡುಗಿ ತನ್ನ ಕ್ರೀಮ್ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟಿದ್ದಳು, ಮಿಡತೆ ಗುಳುಂ ಮಾಡಿದ್ದಳು, ಮಧ್ಯಾಹ್ನ ಸಕ್ಕರೆ ಏರಿತ್ತು. ಅಮ್ಮ ಬಂದು ಇಂಜೆಕ್ಷನ್ ಕೊಟ್ಟಿದ್ದಳು, ಇಳಿದಿತ್ತು. ಮಿಡತೆಗೆ ಅದು ನೆನಪೂ ಇರಲಿಲ್ಲ. ಟೀಚರಿಗೆ ಮಾತ್ರ ನಿದ್ದೆ ಕೆಟ್ಟಿತ್ತು.

"ಅವಳ ಒಳ್ಳೇದಕ್ಕೇ ಮಾಡಿದ್ದು," ಎಂದರು ಟೀಚರು, ತರಗತಿಯ ಬಾಗಿಲಲ್ಲಿ ನಿಂತು. "ಎಲ್ಲರ ಡಬ್ಬೀಲೂ ಸಿಹಿ. ಇವಳೊಬ್ಬಳೇ ಸೌತೆಕಾಯಿ ಕಡೀತಾ ಕೂತಿದ್ರೆ ನನ್ನ ಕರುಳು ಚುರುಕ್ ಅನ್ನತ್ತೆ."

"ನಿಮ್ಮ ಕರುಳಿಗೆ ಔಷಧಿ ಮಾಡ್ಕೊಳ್ಳಿ. ನನ್ನ ಮಗಳನ್ನ ಯಾಕೆ ಪೊರಕೆ ಜೊತೆ ಕೂರಿಸ್ತೀರಿ?" ಎಂದಳು ಅಮ್ಮ. "ಸೌತೆಕಾಯಿ ಅಂದ್ರೆ ಅವಳಿಗೆ ಪ್ರಾಣ. ನೀವು ಅಯ್ಯೋ ಪಾಪ ಅಂದ ಮೇಲೇನೇ ಅವಳಿಗೆ ತಾನು ಪಾಪ ಅಂತ ಗೊತ್ತಾಗಿದ್ದು. ಇನ್ನೊಂದು ಕೇಳಿ. ಆ ಕೋಣೇಲಿ ಒಬ್ಬಳೇ ಇದ್ದಾಗ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದ್ರೆ ಯಾರು ನೋಡ್ತಾರೆ? ಪೊರಕೆನಾ? ಅವಳ ಬ್ಯಾಗಲ್ಲಿ ಜ್ಯೂಸಿದೆ, ಇಳಿದಾಗ ತಕ್ಷಣ ಕುಡಿಸಬೇಕಾದ್ದು. ಕುಡಿಸೋಕೆ ಪಕ್ಕದಲ್ಲಿ ಮನುಷ್ಯರಿರಬೇಕಲ್ವಾ?"

ಟೀಚರು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಆದರೆ ಹೆದರಿಕೆಗೆ ಇನ್ನಷ್ಟು ಹೆದರಿಕೆ ಸುರಿದರೆ ಧೈರ್ಯವಾಗುವುದಿಲ್ಲ. "ಹಾಗಾದ್ರೆ ಆಯಾನ ಜೊತೆಗೆ ಕೂರಿಸ್ತೀನಿ," ಎಂದರು. "ಇಲ್ಲಿ ಕೂರಿಸಬೇಕಂದ್ರೆ ಉಳಿದ ಮಕ್ಕಳು ಏನೂ ಸಿಹಿ ತರಬಾರದು ಅಂತ ನಿಯಮ ಮಾಡಬೇಕಾಗತ್ತೆ. ಅವರ ಅಪ್ಪ ಅಮ್ಮ ಒಪ್ಪಲ್ಲ."

"ಯಾರು ಹೇಳಿದ್ರು ತರಬಾರದು ಅಂತ? ತರಲಿ, ತಿನ್ನಲಿ!" ಅಮ್ಮನ ದನಿ ಏರಿತು.

ಇಲ್ಲೇ ತಾತ ಬಾಯಿ ಹಾಕಿದರು. ಬಾಳಿನುದ್ದಕ್ಕೂ ಇಂಥ ಗಳಿಗೆಯಲ್ಲಿ ಬಾಯಿ ಹಾಕಿಯೇ ಅವರಿಗೆ ಅಭ್ಯಾಸ.

"ಟೀಚರ್, ನಾವಿಬ್ಬರೂ ಜಗಳ ಆಡೋದು ಬೇಡ. ಇದು ಮಕ್ಕಳ ವಿಷಯ. ಮಕ್ಕಳನ್ನೇ ಕೇಳಿ. ಕೈ ಎತ್ತಿಸಿ. ಬಹುಮತ ಏನು ಹೇಳತ್ತೋ ಅದಕ್ಕೆ ನಾವೂ ಬದ್ಧ, ನೀವೂ ಬದ್ಧ."

"ಮಾವ!" ಎಂದಳು ಅಮ್ಮ.

"ನೀನು ಸುಮ್ನಿರು. ಮಕ್ಕಳು ಯಾವತ್ತೂ ನ್ಯಾಯದ ಕಡೆ." ತಾತನ ಕಣ್ಣು ಹೊಳೆಯುತ್ತಿತ್ತು.

ಟೀಚರಿಗೆ ಹೋದ ಜೀವ ಬಂದಂತಾಯಿತು. ತರಗತಿಯ ಮುಂದೆ ನಿಂತು ಚಪ್ಪಾಳೆ ತಟ್ಟಿದರು.

"ಮಕ್ಕಳೇ, ಕೇಳಿ. ಮಿಡತೆ ಇಲ್ಲೇ ಕೂತು ತಿಂಡಿ ತಿನ್ನಬೇಕು ಅಂದ್ರೆ ನೀವು ಯಾರೂ ಬಿಸ್ಕತ್ತು, ಕೇಕು, ಚಾಕಲೇಟು ತರೋ ಹಾಗಿಲ್ಲ. ಇಲ್ಲಾಂದ್ರೆ ಅವಳು ಆಯಾ ಜೊತೆ ಆ ಕೋಣೇಲಿ ತಿಂತಾಳೆ, ನೀವು ಇಲ್ಲಿ ಬಿಸ್ಕತ್ತು ತಿನ್ನಬಹುದು. ಬಿಸ್ಕತ್ತು ಬೇಕು ಅನ್ನೋರು ಕೈ ಎತ್ತಿ."

ಪ್ರಶ್ನೆ ಹೀಗೆ ಕೇಳಿದರೆ ಉತ್ತರ ಹಾಗೇ ಬರುತ್ತದೆ. ಕಾರ್ಖಾನೆಯ ಮಾಲೀಕರು ಇದೇ ಬಗೆಯ ಪ್ರಶ್ನೆ ಕೇಳಿದಾಗಲೆಲ್ಲ ತಾತ ಸಭಾತ್ಯಾಗ ಮಾಡಿದ್ದುಂಟು. ಇವತ್ತು ಮಾತ್ರ ಮೊಮ್ಮಕ್ಕಳ ವಯಸ್ಸಿನವರ ಮುಖ ನೋಡುತ್ತ, ನಗುತ್ತ, ಮೈಮರೆತು ನಿಂತಿದ್ದರು.

ಕೈಗಳು ಎದ್ದವು. ಕಾಡೇ ಎದ್ದಂತೆ.

"ಮಿಡತೆ ಇಲ್ಲಿ ಕೂರಲಿ ಅನ್ನೋರು?"

ಒಂದೇ ಕೈ ಎದ್ದಿತು. ಕ್ರೀಮ್ ಬನ್ನಿನ ಹುಡುಗಿಯದು. ಪಿಸುಮಾತನ್ನೂ ಮೂರು ಕೋಣೆಗೆ ಕೇಳಿಸುವಂತೆ ಆಡುವವಳಾದ್ದರಿಂದ ಅವಳಿಗೆ ತುತ್ತೂರಿ ಎಂದು ಹೆಸರು.

"ತುತ್ತೂರಿ, ನೀನು ಬಿಸ್ಕತ್ತಿಗೂ ಕೈ ಎತ್ತಿದೆಯಲ್ಲೇ?"

"ಹೂಂ ಟೀಚರ್! ನನಗೆ ಎರಡೂ ಬೇಕು! ಬಿಸ್ಕತ್ತೂ ಬೇಕು, ಇವಳೂ ಬೇಕು!"

ಬಾಗಿಲಲ್ಲಿದ್ದ ತಾತನ ಬಾಯಿಂದ, ಅವರಿಗೇ ತಿಳಿಯದಂತೆ, ಅಭ್ಯಾಸಬಲದಿಂದ ಹೊರಬಿತ್ತು: "ಒಬ್ಬರು ಎರಡು ಸಲ ಎತ್ತಿದ್ರೆ ಮತ ಅಸಿಂಧು."

ಮಿಡತೆ ಯಾವ ಕಡೆಗೂ ಕೈ ಎತ್ತಿರಲಿಲ್ಲ.

"ಮತ್ತೆ ನೀನು?" ಎಂದರು ಟೀಚರು.

"ಅಧ್ಯಕ್ಷರು ಓಟ್ ಹಾಕಲ್ಲ ಟೀಚರ್. ಸಮ ಬಂದ್ರೆ ಮಾತ್ರ." ಅವಳು ಬೆಂಚಿನ ಮೇಲೆ ಹತ್ತಿ ನಿಂತು ಬೆರಳು ತೋರಿಸುತ್ತ ಪ್ರತಿಯೊಬ್ಬರನ್ನೂ ಎಣಿಸಿದ್ದಳು, ಮನೆಯಲ್ಲಿ ಮಾಡುವ ಹಾಗೇ, ಯಾರನ್ನೂ ಬಿಡದೆ, ಯಾರನ್ನೂ ಎರಡು ಸಲ ಎಣಿಸದೆ. "ಬಿಸ್ಕತ್ತು ಗೆದ್ದಿತು," ಎಂದು ಫಲಿತಾಂಶ ಘೋಷಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಅವಳಿಗೂ ನಗು ಬಂತು. ಆಮೇಲೆ ಗೆದ್ದದ್ದು ಏನೆಂದು ಅರ್ಥವಾಗಿ, ನಗು ಅಲ್ಲೇ ನಿಂತಿತು.

ತಿಂಡಿಯ ಗಂಟೆ ಹೊಡೆದಾಗ ಡಬ್ಬಿ ಹಿಡಿದು ಆಯಾಳ ಹಿಂದೆ ಹೋದಳು. ಅವತ್ತು ಅವಳು ಹಾರಲಿಲ್ಲ, ನಡೆದಳು.

ಸಂಜೆ ಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದಿನಿಂದಲೇ ಬೀದಿಗೆಲ್ಲ ವಿಷಯ ಗೊತ್ತಾಗುವಂತಿತ್ತು. ತಾತ ಊಟದ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಅಪ್ಪ ಮರುದಿನದ ಸೌತೆಕಾಯಿ ಕೊರೆಯುತ್ತಿದ್ದ. ಮಿಡತೆ ಮೇಜಿನ ಕೆಳಗೆ ಬೆಕ್ಕಿನ ಜೊತೆ ಮಲಗಿದ್ದಳು. ನಿದ್ದೆ ಹೋದಂತೆ ನಟಿಸುತ್ತಿದ್ದಳು.

"ಸೋತ್ವಿ," ಎಂದರು ತಾತ. "ಆದ್ರೆ ಸೋತೋರು ಓಡಿಹೋಗಬಾರದು. ತೀರ್ಮಾನಕ್ಕೆ ತಲೆ ಬಾಗಬೇಕು. ಸೋಮವಾರ ಮತ್ತೆ ವಿಷಯ ಮಂಡಿಸೋಣ. ಅಲ್ಲೀವರೆಗೆ ಮಗು ಕೋಣೆಗೆ ಹೋಗಲಿ."

ಅಮ್ಮ ನಲ್ಲಿ ನಿಲ್ಲಿಸಿದಳು. "ಮಾವ, ಒಂದು ಕೇಳ್ತೀನಿ. ನಿಮ್ಮ ಫ್ಯಾಕ್ಟರೀಲಿ ಒಬ್ಬನ ಕಾಲಿಗೆ ಪೆಟ್ಟಾಗಿ ಅವನಿಗೆ ಸ್ಟೂಲು ಬೇಕಾಗಿತ್ತು ಅಂತಿಟ್ಕೊಳ್ಳಿ. ಎಲ್ರೂ ಸೇರಿ, ಇವನಿಗೆ ಸ್ಟೂಲು ಕೊಟ್ರೆ ನಮ್ಮ ಚಹಾ ಹೋಗತ್ತೆ, ಹೊರಗೆ ನಿಲ್ಲಲಿ ಅಂತ ಕೈ ಎತ್ತಿದ್ರೆ ಒಪ್ತಿದ್ರಾ?"

"ಅದು ಬೇರೆ."

"ಹೇಗೆ ಬೇರೆ?"

"ಒಂದು ಸಲ ಬಹುಮತ ಒಪ್ಪಲ್ಲ ಅಂತ ಶುರು ಮಾಡಿದ್ರೆ ಆಮೇಲೆ ಏನು ಉಳಿಯತ್ತಮ್ಮ?" ಎಂದರು ತಾತ, ಅವರಿಗೇ ಹೊಸದಾದ ಸಣ್ಣ ದನಿಯಲ್ಲಿ. "ನಾನು ಇಷ್ಟು ವರ್ಷ ಬದುಕಿದ್ದೇ ಅದರ ಮೇಲೆ."

"ಅವಳು ಬದುಕಬೇಕಾದ್ದು ಸೌತೆಕಾಯಿ ಮೇಲೆ," ಎಂದ ಅಪ್ಪ. ಅಷ್ಟು ಹೇಳಿ, ತಾನು ತಟಸ್ಥ ಎಂಬುದು ನೆನಪಾಗಿ, ಮತ್ತೆ ಕೊರೆಯತೊಡಗಿದ.

ಕೊನೆಗೆ ತಾತ ತಾವೇ ಒಂದು ದಾರಿ ಕಂಡುಕೊಂಡರು. ಮೊಮ್ಮಗಳು ಒಬ್ಬಳೇ ಕೂರುವುದು ಬೇಡ, ಆಯಾಳೂ ಬೇಡ, ತಾವೇ ಹೋಗಿ ಜೊತೆಗೆ ಕೂರುತ್ತಾರೆ. ಸೋಮವಾರದವರೆಗೆ ಪೊರಕೆ ಕೋಣೆಯೇ ಇಬ್ಬರಿಗೂ ಕ್ಯಾಂಟೀನು. ತೀರ್ಮಾನವೂ ಉಳಿಯಿತು, ಮಗುವೂ ಒಂಟಿಯಾಗಲಿಲ್ಲ. ಹೇಳುತ್ತ ಹೇಳುತ್ತ ಅವರಿಗೆ ಹುರುಪು ಬಂತು. ಅಮ್ಮ ದೀಪ ಆರಿಸಿದಳು. ಮೇಜಿನ ಕೆಳಗಿದ್ದವಳನ್ನು ಯಾರೂ ಕೇಳಲಿಲ್ಲ.

ಶುಕ್ರವಾರ ತಾತ ತಿಂಡಿ ಹೊತ್ತಿಗೆ ಮುಂಚೆಯೇ ಶಾಲೆಗೆ ಹೋದರು. ಟೀಚರು ಖುಷಿಯಿಂದ ಒಪ್ಪಿದರು. ತಾತ ಪೊರಕೆಗಳನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದರು, ಫಿನಾಯಿಲ್ ಡಬ್ಬವನ್ನು ಹೊರಗೆ ಸಾಗಿಸಿದರು, ಕಿಟಕಿ ತೆರೆದರು, ಬಕೆಟ್ಟನ್ನು ಮಗುಚಿ ಮೇಲೆ ಪೇಪರು ಹಾಸಿದರು, ಮನೆಯಿಂದ ತಂದ ಎರಡು ಮಡಚುವ ಸ್ಟೂಲು ಬಿಡಿಸಿದರು. ಕೋಣೆ ಈಗ ಚೆನ್ನಾಗಿಯೇ ಕಾಣುತ್ತಿತ್ತು. ಸೆರೆಮನೆಗೆ ಸುಣ್ಣ ಬಳಿದರೆ ಅದೂ ಚೆನ್ನಾಗಿಯೇ ಕಾಣುತ್ತದೆ.

ಗಂಟೆ ಹೊಡೆಯಿತು. ತಾತ ತರಗತಿಯ ಬಾಗಿಲಿಗೆ ಬಂದರು.

"ಅಧ್ಯಕ್ಷರೇ, ಬನ್ನಿ. ಎಲ್ಲ ಸಿದ್ಧ ಮಾಡಿದೀನಿ. ಇವತ್ತು ಪೈಪ್‌ಲೈನ್ ಇದೆಯಂತಲ್ಲ, ನನಗೊಂದು ಕೊಡ್ತೀರಾ ಹೇಗೆ?"

ಮಿಡತೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ಬರಲ್ಲ."

"ಯಾಕೆ ಮರಿ? ನಾನಿದೀನಲ್ಲ ಜೊತೆಗೆ."

"ನೀವು ಇಲ್ಲಿಗೆ ಬನ್ನಿ. ನಾನು ಅಲ್ಲಿಗೆ ಬರಲ್ಲ."

"ತೀರ್ಮಾನ ಆಗಿದೆಯಲ್ಲಮ್ಮ. ನೀನೇ ಎಣಿಸಿದ್ದು."

"ಎಣಿಸಿದ್ದು ಸರಿಯಾಗಿದೆ ತಾತ," ಎಂದಳು ಮಿಡತೆ, ತನ್ನ ಲೆಕ್ಕದ ಬಗ್ಗೆ ಯಾರಾದರೂ ಅನುಮಾನಪಟ್ಟರೇನೋ ಎಂಬಂತೆ. "ಒಬ್ಬರನ್ನೂ ಬಿಟ್ಟಿಲ್ಲ. ಆದ್ರೆ ಹೊಟ್ಟೆ ನಂದು, ಡಬ್ಬಿ ನಂದು, ಜಾಗ ನಂದು. ಅವರೆಲ್ಲ ಯಾಕೆ ಕೈ ಎತ್ತಿದ್ರು? ತುತ್ತೂರಿ ಎಲ್ಲಿ ಕೂತು ತಿನ್ನಬೇಕು ಅಂತ ಯಾರೂ ಕೈ ಎತ್ತಿಲ್ಲವಲ್ಲ!"

"ಹೌದು!" ಎಂದಳು ತುತ್ತೂರಿ, ಪಕ್ಕದ ತರಗತಿಗಳಿಗೂ ಮಾಹಿತಿ ಸಿಗುವಂತೆ. "ಮತ್ತೆ ನಾನು ಇವಳಿಗೆ ಕೈ ಎತ್ತಿದ್ದೆ! ತಾತಾನೇ ಕ್ಯಾನ್ಸಲ್ ಮಾಡಿದ್ದು!"

ಬಿಸ್ಕತ್ತು ಹಿಡಿದ ಕೈಗಳು ಅರ್ಧದಾರಿಯಲ್ಲಿ ನಿಂತವು. ಮುಂದಿನ ಬೆಂಚಿನ ಹುಡುಗ ತನ್ನ ಬಿಸ್ಕತ್ತನ್ನು ನಿಧಾನವಾಗಿ ಬೆನ್ನ ಹಿಂದೆ ಬಚ್ಚಿಟ್ಟ.

"ನೀನು ಯಾಕೆ ಬಚ್ಚಿಡ್ತೀಯ?" ಎಂದಳು ಮಿಡತೆ. "ತಿನ್ನು. ನಾನೇನು ಕಿತ್ಕೊಳ್ತೀನಾ? ನನ್ನದು ಲೀಕ್ ಆಗತ್ತೆ, ನೋಡ್ತಿರು." ಮುಚ್ಚಳ ತೆಗೆದು, ಒಂದು ಪೈಪನ್ನು ಎತ್ತಿ, ಕಚ್ಚಿದಳು. ಕರಕ್ ಎಂದಿತು. ಚೀಸು ಗಲ್ಲಕ್ಕಿಳಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಟೀಚರು ಬಾಗಿಲಾಚೆ ಇಣುಕಿ ನೋಡಿ ಬಂದರು. ಅವರ ಕೈ ಸೆರಗನ್ನು ಹಿಂಡುತ್ತಿತ್ತು. "ಸರ್, ಹೆಡ್ ಮೇಡಂ ರೌಂಡ್ಸಿಗೆ ಬರೋ ಹೊತ್ತು. ದಯವಿಟ್ಟು ಅವಳನ್ನ ಎತ್ಕೊಂಡು ಹೋಗಿ. ನಿನ್ನೆ ನೀವೇ ತಾನೇ ಬದ್ಧ ಅಂದಿದ್ದು?"

ತಾತ ಒಳಗೆ ಬಂದರು. ಬೆಂಚುಗಳ ನಡುವೆ ಅಡ್ಡಡ್ಡ ನಡೆದು ಮೊಮ್ಮಗಳ ಹತ್ತಿರ ನಿಂತು, ಬಗ್ಗಿ, ಅವಳ ಕಂಕುಳಿಗೆ ಕೈ ಹಾಕಿದರು. ಬಾಟಲಿ ತುಂಬಿದ ಪೆಟ್ಟಿಗೆಗಳನ್ನು ಎತ್ತಿ ಪಳಗಿದ ಕೈ. ಇವಳು ಅವುಗಳ ಅರ್ಧ ಭಾರವೂ ಇರಲಿಲ್ಲ. ಮಿಡತೆ ಅಳಲಿಲ್ಲ, ಒದೆಯಲಿಲ್ಲ. ಬೆಂಚಿನ ಅಂಚನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿದ್ದ ಸೌತೆಕಾಯಿಯನ್ನು ಅಗಿಯುವುದನ್ನು ಮುಂದುವರಿಸಿದಳು. ಅಗಿಯುತ್ತಲೇ ತಾತನ ಮುಖ ನೋಡಿದಳು.

ತಾತ ಕೈ ಹಿಂದಕ್ಕೆ ತೆಗೆದು ನೆಟ್ಟಗೆ ನಿಂತರು.

"ಎತ್ತಲ್ಲ ಟೀಚರ್."

"ಸರ್, ಬಹುಮತ—"

"ಬಹುಮತ ಬಂದಿದೆ. ಕೇಳಿದ ಪ್ರಶ್ನೆನೇ ತಪ್ಪು. ಆ ಪ್ರಶ್ನೆ ಕೇಳೋಕೆ ನಿಮಗೂ ಹಕ್ಕಿರಲಿಲ್ಲ, ಕೇಳಿ ಅನ್ನೋಕೆ ನನಗೂ ಇರಲಿಲ್ಲ." ಗಂಟಲು ತನ್ನ ಹಳೆಯ ಎತ್ತರಕ್ಕೆ ಮರಳಿತ್ತು, ಕಿಟಕಿಯ ಗಾಜು ಸಣ್ಣಗೆ ನಡುಗಿತು. ಎಲ್ಲ ಮಕ್ಕಳೂ ಮೆಚ್ಚುಗೆಯಿಂದ ತುತ್ತೂರಿಯ ಕಡೆ ನೋಡಿದರು, ಅವಳಿಗೆ ಕೊನೆಗೂ ಸಾಟಿ ಸಿಕ್ಕಿದರು ಎಂಬಂತೆ.

"ಹಾಗಾದ್ರೆ ನೀವಾದ್ರೂ ಹೊರಗೆ ನಡೀರಿ ಸರ್," ಎಂದರು ಟೀಚರು. ಓಣಿಯಲ್ಲಿ ಹೆಡ್ ಮೇಡಂ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. "ದೊಡ್ಡೋರು ಕ್ಲಾಸಲ್ಲಿ ಇರೋ ಹಾಗಿಲ್ಲ."

ತುತ್ತೂರಿ ಜರುಗಿ ಜಾಗ ಮಾಡಿಕೊಟ್ಟಳು. ತಾತ ಎರಡನೇ ತರಗತಿಯ ಮಕ್ಕಳ ಅಳತೆಗೆ ಮಾಡಿದ ಆ ಬೆಂಚಿನೊಳಗೆ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ತೂರಿಸಿ, ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿ ಕೂತು, ಮೊಮ್ಮಗಳ ಮುಂದೆ ಅಂಗೈ ಚಾಚಿದರು. ಅವಳು ಅದರ ಮೇಲೆ ಒಂದು ಪೈಪು ಇಟ್ಟಳು.

"ಅದೂ ಆಗಲ್ಲ ಟೀಚರ್," ಎಂದರು ತಾತ.